ಸಿಟ್ಟು ಕೇಳಿ ಪುಸ್ತಕ ಕೊಡುತ್ತಿದ್ದ ಅಕ್ಕ

ಉತ್ತರಾಯಣ ಹತ್ತಿರ ಬಂದಾಗ ನಮ್ಮ ಕೆಳಗಿನ ಮನೆಯ ಅಜ್ಜ ಹರಿದ ಗಾಳಿಪಟ ಅಂಟಿಸಲು ಮೈದಾ ಹಿಟ್ಟಿನ ಗೋಂದು ಕಾಯಿಸುತ್ತಾರೆ. ಈಗ ಎಲ್ಲರೂ ಟೇಪು ಹಚ್ಚುತ್ತಾರೆ. ಟೇಪು ಹಚ್ಚಿದರೆ ಪಟ ಒಂದು ಕಡೆಗೆ ವಾಲುತ್ತದೆ ಎಂದು ಈ ಅಜ್ಜನ ವಾದ. ಈ ಸಲವೂ ಆ ವಾಸನೆ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂತು. ಹಿಟ್ಟು ಬೆಂದು, ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವ ವಾಸನೆ. ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತೆ. ಪಕ್ಕದ ಮನೆಯ ಅಕ್ಕ ಹರಿದ ಪುಸ್ತಕಗಳ ಬೆನ್ನು ಕೂಡಿಸುವ ದಿನ ಅವರ ಅಡುಗೆಮನೆಯಿಂದ ಇದೇ ವಾಸನೆ ಬರುತ್ತಿತ್ತು. ಹುಳ ಬೀಳಬಾರದೆಂದು ಅವರು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು. "ಈ ಪಾತೇಲಿ ಮುಟ್ಟಬ್ಯಾಡವಾ, ವಿಷ ಅದ. ಓದೂ ಮಂದಿಗೆ ಅಲ್ಲ, ತಿನ್ನೂ ಹುಳಕ್ಕ" ಎಂದು ನಗುತ್ತಿದ್ದರು.

ನಾವು ವಡೋದರಾದ ಗೋರ್ವಾ ಬಡಾವಣೆಯ ಈ ಕಟ್ಟಡಕ್ಕೆ ಬಂದಾಗ ನಮ್ಮವರು ರೈಲ್ವೆಯಲ್ಲಿ ಗುಮಾಸ್ತರು. ನಮ್ಮದು ತುಮಕೂರಿನ ಕಡೆ. ನಾನು ಓದಿದ್ದು ಪಿಯುಸಿವರೆಗೆ. ಅಕ್ಕ ಧಾರವಾಡದವರು. ಅವರ ಯಜಮಾನರು ಬ್ಯಾಂಕಿನಲ್ಲಿದ್ದವರು, ಲಕ್ವಾ ಹೊಡೆದು ವರ್ಷಗಟ್ಟಲೆ ಮಲಗಿ ತೀರಿಕೊಂಡಿದ್ದರು. ನಾವು ಬರುವ ಹೊತ್ತಿಗೆ ಆ ಮನೆಯಲ್ಲಿ ಅಕ್ಕ ಒಬ್ಬರೇ. ಒಬ್ಬನೇ ಮಗ, ಸೂರತ್ತಿನ ಆಚೆ ಹಜೀರಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಸಂಸಾರವೂ ಅಲ್ಲೇ, ಕಂಪನಿ ಕಾಲೊನಿಯಲ್ಲಿ.

ವಡೋದರಾಕ್ಕೆ ವರ್ಗವಾಗಿ ಬಂದ ಕನ್ನಡದ ಮನೆಗಳಲ್ಲಿ ಆಗ ಒಂದು ರೂಢಿ ಇತ್ತು. ಮತ್ತೆ ವರ್ಗವಾದಾಗ, ಲಾರಿಗೆ ಸಾಮಾನು ಹೇರುವ ಮೊದಲು, ಕನ್ನಡ ಪುಸ್ತಕಗಳನ್ನು ಅಕ್ಕನ ಮನೆಯಲ್ಲಿ ಇಳಿಸಿ ಹೋಗುವುದು. ಮಕ್ಕಳು ಓದುವುದಿಲ್ಲ, ಹೊತ್ತುಕೊಂಡು ಹೋಗಲು ಭಾರ. ಹಾಗೆ ಬ್ಯಾಂಕಿನವರು, ವಿಮೆಯವರು, ರೈಲ್ವೆಯವರು ಬಿಟ್ಟು ಹೋದ ಪುಸ್ತಕಗಳಿಂದ ಅವರ ನಡುಮನೆಯ ಕಪಾಟುಗಳು ತುಂಬಿ ಹೋಗಿದ್ದವು. ಯಾರಿಗೆ ಯಾವುದು ಕೊಟ್ಟೆ ಎಂದು ಅಕ್ಕ ಎಲ್ಲಿಯೂ ಬರೆದಿಟ್ಟವರಲ್ಲ. ಪುಸ್ತಕ ವಾಪಸ್ಸು ಬರದಿದ್ದರೆ, "ಇರಲಿ ಬಿಡು, ಅವರ ಸಿಟ್ಟು ಇನ್ನೂ ಇಳಿದಿಲ್ಲ ಕಾಣಸ್ತದ" ಎನ್ನುತ್ತಿದ್ದರು.

ಅವರು ಪುಸ್ತಕ ಕೊಡುತ್ತಿದ್ದುದೇ ಸಿಟ್ಟಿನ ಲೆಕ್ಕದಲ್ಲಿ.

ನಮ್ಮವರ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದ ವರ್ಷ ಅದು. ಆಸ್ಪತ್ರೆಯಲ್ಲಿ ಕೂತು ಕಾಯುವಾಗ ಓದಲು ಏನಾದರೂ ಇದ್ದರೆ ಒಳ್ಳೆಯದೆಂದು ಅವರ ಬಾಗಿಲಿಗೆ ಹೋದೆ. ಯಾವ ಥರದ್ದು ಬೇಕು, ಯಾರು ಬರೆದದ್ದು ಇಷ್ಟ ಎಂದೆಲ್ಲ ಕೇಳಬಹುದು ಅಂದುಕೊಂಡಿದ್ದೆ. ಅವರು ಕನ್ನಡಕ ಹಣೆಗೆ ಏರಿಸಿ ಕೇಳಿದ್ದು ಇಷ್ಟೇ:

"ಮನ್ಯಾಗ ಯಾರ ಮ್ಯಾಲೆ ಸಿಟ್ಟು ಬಂದದ?"

"ಯಾರ ಮೇಲೂ ಇಲ್ಲ ಅಕ್ಕಾ. ಸುಮ್ಮನೆ ಯಾವುದಾದರೂ ಕಾದಂಬರಿ..."

"ಯಾರ ಮ್ಯಾಲೂ ಇಲ್ಲಂದ್ರ ಗಂಡನ ಮ್ಯಾಲೇ. ಅತ್ತಿ ಮ್ಯಾಲಿದ್ರ ಬಾಯಿಬಿಟ್ಟು ಹೇಳ್ತಿದ್ದಿ. ದೇವರ ಮ್ಯಾಲಿದ್ರ ಹೆದರಿಕೋತ ಹೇಳ್ತಿದ್ದಿ. ತಗೋ."

ನನಗೆ ಅವಮಾನವಾಯಿತು. ಆ ಸ್ಥಿತಿಯಲ್ಲಿರುವ ಗಂಡನ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ? ಆದರೂ ಪುಸ್ತಕ ತೆಗೆದುಕೊಂಡು ಹೋದೆ. ಕ್ಷಯ ಹಿಡಿದ ಗಂಡನಿಗೆ ದಿನವೂ ಹಾಲು, ಮೊಟ್ಟೆ ಕೊಟ್ಟು, ತಾನು ಒಲೆಯ ಮುಂದೆ ಕೂತು ಒಣರೊಟ್ಟಿ ತಿನ್ನುವ ಒಬ್ಬ ಹೆಂಗಸಿನ ಕಾದಂಬರಿ. ಒಂದು ದಿನ ಅವಳು ಆ ಮೊಟ್ಟೆಯನ್ನು ತಾನೇ ತಿಂದುಬಿಡುತ್ತಾಳೆ. ತಿಂದು, ಸಿಪ್ಪೆಯನ್ನು ಬೂದಿಯಲ್ಲಿ ಮುಚ್ಚುತ್ತಾಳೆ. ಅಷ್ಟೇ. ಆಮೇಲೆ ಅವಳಿಗೆ ಶಿಕ್ಷೆಯೂ ಆಗುವುದಿಲ್ಲ, ಪಶ್ಚಾತ್ತಾಪವೂ ಆಗುವುದಿಲ್ಲ. ನಮ್ಮವರಿಗೆ ನೀರು ಅಳತೆಯಲ್ಲಿ ಕುಡಿಯಬೇಕೆಂದು ಹೇಳಿದ್ದರು. ಅವರ ಕಣ್ಣ ಮುಂದೆ ಕುಡಿಯಲಾರದೆ ನಾನೂ ಬಾಯಾರಿಕೊಂಡೇ ಇರುತ್ತಿದ್ದೆ. ನಾನು ಲೋಟ ಎತ್ತಿದರೆ ಅವರು ಅದನ್ನೇ ನೋಡುತ್ತಿದ್ದರು. ಆ ನೋಟಕ್ಕೆ ನನ್ನ ಮೈಯೆಲ್ಲ ಉರಿಯುತ್ತಿತ್ತು ಎಂದು ನನಗೆ ತಿಳಿದದ್ದು ಆ ಪುಟ ಓದಿದ ಮೇಲೆ. ಅವತ್ತು ಆಸ್ಪತ್ರೆಯ ಕೂಲರಿನ ಹತ್ತಿರ ನಿಂತು ಹೊಟ್ಟೆ ತುಂಬ ನೀರು ಕುಡಿದೆ.

ಆಮೇಲೆ ನಾನು ಅವರಲ್ಲಿಗೆ ಹೋಗಿ ನೇರವಾಗಿ ಹೇಳುವುದನ್ನು ಕಲಿತೆ. ಮೈದುನಂದಿರ ಮೇಲೆ ಎಂದೆ. "ಅವರು ಬರೂದಿಲ್ಲಂತ ಸಿಟ್ಟೋ, ಬಂದು ಬುದ್ಧಿ ಹೇಳ್ತಾರಂತ ಸಿಟ್ಟೋ?" ಎಂದು ಕೇಳಿದರು. ಎರಡಕ್ಕೂ ಬೇರೆ ಬೇರೆ ಪುಸ್ತಕ. ಬರುವುದಿಲ್ಲ ಎಂದದ್ದಕ್ಕೆ ಕೊಟ್ಟದ್ದು, ಕಾಯಿಲೆಯ ತಂದೆಯನ್ನು ತಿಂಗಳಿಗೊಬ್ಬರಂತೆ ಹಂಚಿಕೊಂಡ ಮೂವರು ಅಕ್ಕತಂಗಿಯರ ಕಾದಂಬರಿ. ತಿಂಗಳ ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ತಂದೆಯನ್ನೂ ಅವನ ಬಟ್ಟೆಯ ಚೀಲವನ್ನೂ ಒಬ್ಬಳು ಇನ್ನೊಬ್ಬಳಿಗೆ ಒಪ್ಪಿಸುತ್ತಾಳೆ. ಚಿಕ್ಕವಳ ತಿಂಗಳಿಗೆ ಒಂದು ದಿನ ಹೆಚ್ಚು ಬಿದ್ದಿತೆಂದು ಮೂವರೂ ಅಲ್ಲೇ ನಿಂತು ಜಗಳವಾಡುತ್ತಾರೆ, ತಂದೆ ಬೆಂಚಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿರುತ್ತಾನೆ. ಇನ್ನೊಂದು, ಹೆಂಡತಿಯ ಮನೋರೋಗವನ್ನು ನೆಂಟರಿಂದ ಮುಚ್ಚಿಡುತ್ತ ಮುಚ್ಚಿಡುತ್ತ ತಾನೇ ಸುಳ್ಳುಗಾರನಾಗಿಬಿಟ್ಟ ಮೇಷ್ಟ್ರೊಬ್ಬರು ತಮ್ಮ ಕಥೆ ತಾವೇ ಬರೆದದ್ದು. ಮನೆಯಲ್ಲಿ ಕಾಯಿಲೆ ಇಟ್ಟುಕೊಂಡವರು ಏನು ಓದಲಿ ಎಂದು ಕೇಳಿದರೆ ಇವತ್ತಿಗೂ ನಾನು ಇವನ್ನೇ ಹೇಳುತ್ತೇನೆ. ಧೈರ್ಯ ಬರುವುದಿಲ್ಲ. ಆದರೆ ತಾವೊಬ್ಬರೇ ಕೆಟ್ಟವರು ಎಂಬ ಭಾವನೆ ಹೋಗುತ್ತದೆ.

ಇನ್ನೊಂದು ಜಾತಿಯ ಪುಸ್ತಕಗಳನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. "ಜಡ್ಡು ಬಂದ ಕೂಡಲೇ ಮನಿಮಂದಿ ಎಲ್ಲಾ ದೇವರಾಗ್ತಾರ ಇದರಾಗ. ನಮ್ಮ ಮನ್ಯಾಗ ಯಾರೂ ಆಗಲಿಲ್ಲವಾ. ನಾನೂ ಆಗಲಿಲ್ಲ. ಅವರ ಹಾಸಗಿ ಬದಲಸೂ ಮುಂದ ಒಮ್ಮೊಮ್ಮೆ ಸಾಯಬಾರದೇನು ಅಂದೀನಿ, ಕೇಳಿಸೂವಂಗ." ಅಂಥ ಪುಸ್ತಕಗಳನ್ನು ಅವರು ಕುಂಟುವ ಕಪಾಟಿನ ಕಾಲಿನ ಕೆಳಗೆ ಒತ್ತಾಗಿ ಇಟ್ಟಿದ್ದರು.

ನಮ್ಮವರು ಹೋದ ದಿನ ಅಕ್ಕ ಪುಸ್ತಕ ತರಲಿಲ್ಲ. ಅವಲಕ್ಕಿ ಕಲಸಿ ತಂದು, ನನ್ನ ಕೈಗೆ ಚಮಚ ಕೊಟ್ಟು, "ಈಗ ಏನೂ ಓದಬ್ಯಾಡ. ಓದಿದ್ರ ಆ ಪುಸ್ತಕಾನೂ ಕೆಡ್ತದ" ಎಂದರು. ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿದ್ದರು. ಆ ಮನೆ, ಈ ಮನೆ ಎಂದು ಆಮೇಲೆ ಬೇರೆ ಉಳಿಯಲಿಲ್ಲ...

ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಗುವ ಹೊತ್ತಿಗೆ ಅದು ಲಿವರಿಗೂ ಹಬ್ಬಿತ್ತು. ಮಗ ಹಜೀರಾದಿಂದ ಓಡಿ ಬಂದ. ಅಹಮದಾಬಾದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ಸುತ್ತು ಔಷಧ ಹಾಕಿಸಿದ. ಅಲ್ಲಿಂದ ಬಂದ ಅಕ್ಕನನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಕೂದಲು ಹೋಗಿತ್ತು. ಬಾಯಿ ತುಂಬ ಹುಣ್ಣು. ನೀರು ನುಂಗಿದರೂ ಕಣ್ಣಲ್ಲಿ ನೀರು. ಇನ್ನು ಎರಡನೆಯ ಸುತ್ತು ಎಂದಾಗ ಅವರು ಒಲ್ಲೆ ಎಂದರು. ವಾಸಿಯಾಗುವುದಿಲ್ಲ ಎಂದು ಡಾಕ್ಟರು ಮಗನಿಗೆ ಹೇಳಿದ್ದರು. ಮಗ ಅಕ್ಕನಿಗೆ ಹೇಳಿರಲಿಲ್ಲ. ಅಕ್ಕನಿಗೆ ಹೇಳಬೇಕಾಗಿಯೂ ಇರಲಿಲ್ಲ.

"ನನ್ನ ಮಂಚ, ನನ್ನ ಕಿಡಕಿ. ಇಷ್ಟು ಸಾಕು ನನಗ" ಎಂದು ಮಗನಿಗೆ ಎಷ್ಟು ಸಲ ಹೇಳಿದರೋ. ಆ ಕಿಟಕಿಯಿಂದ ಕಾಣುತ್ತಿದ್ದುದು ಹಿಂದಿನ ಕಾರ್ಖಾನೆಯ ಗೋಡೆ, ಒಂದು ಬೇವಿನ ಮರ, ಅಷ್ಟೇ.

ಮಗ ಕೆಟ್ಟವನಲ್ಲ. ಇದನ್ನು ಬರೆಯಲೇಬೇಕು. ತಾಯಿಯ ವಾಂತಿಯನ್ನು ಕೈಯಾರೆ ಬಳಿದವನು. ಆದರೆ ತಾಯಿ ಒಲ್ಲೆ ಎಂದದ್ದು ಅವನಿಗೆ ಕಾಯಿಲೆಯ ಲಕ್ಷಣವಾಗಿ ಕಂಡಿತು. ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದ:

"ಆಂಟಿ, ಮಮ್ಮಿಗೆ ಈ ಟೈಪ್ ಬುಕ್ಸ್ ಬ್ಯಾಡ್ರಿ. ಓದಿ ಓದಿ ನೆಗೆಟಿವ್ ಆಗ್ಯಾಳ. ವಿಲ್ ಪವರ್ ಬೇಕು ಈಗ."

ಅವನಿಗೆ ಕನ್ನಡ ಮಾತು ಮನೆಯಷ್ಟಕ್ಕೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಾಗಿ ಒಂದೊಂದೇ ಪುಸ್ತಕದ ಹಿಂಬದಿಯನ್ನು ಫೋನಿಗೆ ತೋರಿಸಿದ. ಫೋನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಿತ್ತು. ಕಾಯಿಲೆ, ಸಾವು, ಆಸ್ಪತ್ರೆ, ವಿಧವೆ ಎಂದು ಬಂದರೆ ಆ ಪುಸ್ತಕ ಅಟ್ಟಕ್ಕೆ. ಅಕ್ಕ ಮಂಚದ ಮೇಲೆ ಮಲಗಿ ಅದನ್ನೆಲ್ಲ ನೋಡುತ್ತಿದ್ದರು. ತಡೆಯಲಿಲ್ಲ. ಕಪಾಟು ಒಂದೇ ಮಧ್ಯಾಹ್ನದಲ್ಲಿ ಬರಿದಾಯಿತು. ಅಡುಗೆ ಪುಸ್ತಕ, ಪ್ರವಾಸದ ಪುಸ್ತಕ, ಮಕ್ಕಳ ಕಥೆ, ಕಪಾಟಿನ ಕಾಲಿನ ಕೆಳಗಿದ್ದವು, ಇಷ್ಟು ಉಳಿದವು. ಕಾಲಿನ ಕೆಳಗಿದ್ದವನ್ನು ಅವನು ಧೂಳು ಒರೆಸಿ ತಾಯಿಯ ದಿಂಬಿನ ಪಕ್ಕ ಇಟ್ಟ.

ಅವನು ಹಜೀರಾಕ್ಕೆ ಹೋದ ಮೇಲೆ ಅಕ್ಕ ನನ್ನನ್ನು ಕರೆದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗೆ ಇತ್ತು.

"ನನ್ನ ಮಗನ ಫೋನು ಭಾಳ ಶ್ಯಾಣ್ಯಾ ಅದ ನೋಡು. ಎಲ್ಲಾಕ್ಕಿಂತ ಕೆಟ್ಟ ಪುಸ್ತಕ ಬಿಟ್ಟು ಹೋಗ್ಯಾನ. ಆ ಅಡಿಗಿ ಪುಸ್ತಕದ ಸಾಲಿನಾಗ ನೋಡು, ಹಳದಿ ಬೆನ್ನಿಂದು."

ತೆಗೆದು ನೋಡಿದೆ. ಮಗಳೊಬ್ಬಳು ತನ್ನ ತಾಯಿಯ ಕೊನೆಯ ದಿನಗಳ ಬಗ್ಗೆ ಬರೆದ ಪುಸ್ತಕ. ಹಿಂಬದಿಯಲ್ಲಿ ಮಾತ್ರ ಆ ತಾಯಿ ಮಾಡುತ್ತಿದ್ದ ಹುರುಳಿ ಸಾರಿನ ವರ್ಣನೆ ಇತ್ತು, ಒಗ್ಗರಣೆ ಸಮೇತ. ಫೋನು ಅಡುಗೆಯೆಂದು ಹೇಳಿತ್ತು, ಮಗ ಅಡುಗೆಯ ಸಾಲಿಗೆ ಸೇರಿಸಿದ್ದ. ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ನೋವಿಗೋ ನಗುವಿಗೋ ತಿಳಿಯಲಿಲ್ಲ. ಆಮೇಲೆ ಉಸಿರು ಹಿಡಿದು, "ಇದರಾಗ ಆ ತಾಯಿ ಸಾಕು ಅಂತಾಳ. ಮಗ ಕೇಳೂದಿಲ್ಲ. ಆ ಭಾಗ ಇವಗ ಓದಿ ಹೇಳು. ಹಿಂದಿ ಮಾಡಿ ಹೇಳು, ಪೂರಾ ತಿಳೀಲಿ. ನಾ ಹೇಳಿದ್ರ ನೆಗೆಟಿವ್ ಆಗ್ತದ. ಪುಸ್ತಕ ಹೇಳಿದ್ರರ ಕೇಳ್ತಾನೇನೋ" ಎಂದರು.

ಮುಂದಿನ ಭಾನುವಾರ ಅವನು ಬಂದಾಗ ಊಟವಾದ ಮೇಲೆ ಓದಿದೆ. ನನ್ನದು ರೈಲ್ವೆ ಕ್ವಾರ್ಟರ್ಸಿನ ಹಿಂದಿ, ತರಕಾರಿಯವನ ಜೊತೆ ಜಗಳವಾಡಲು ಸಾಕಾಗುವಷ್ಟು. ಒಂದು ವಾಕ್ಯ ಕನ್ನಡದಲ್ಲಿ ಮನಸ್ಸಿನೊಳಗೆ ಓದಿಕೊಂಡು, ಆಮೇಲೆ ತಡವರಿಸಿ ಹಿಂದಿಯಲ್ಲಿ ಹೇಳುತ್ತಿದ್ದೆ. ಆ ಪುಸ್ತಕದ ತಾಯಿ ಸೂಜಿ ಚುಚ್ಚಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ಇನ್ನು ಇದನ್ನು ಯಾರಿಗೂ ಕೊಡುವುದಿಲ್ಲ ಎನ್ನುತ್ತಾಳೆ. ದೊಡ್ಡ ಮಗ, ಹಾಗಾದರೆ ನಾನು ದುಡಿದದ್ದೆಲ್ಲ ಯಾರಿಗೆ ಎಂದು ಕಿರುಚುತ್ತಾನೆ. ತಾಯಿ ಹೇಳುತ್ತಾಳೆ, ನೀನು ಹುಟ್ಟುವಾಗಲೂ ಹೀಗೆಯೇ ಹಟ ಮಾಡಿದ್ದೆ ಕಣೋ. ಅಕ್ಕ ನಾನು ಓದುವುದನ್ನು ಕೇಳುತ್ತಿರಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದರು.

ಮಗ ಅತ್ತ. ತಲೆ ತಗ್ಗಿಸಿ, ಟೇಬಲ್ಲಿನ ಮೇಲೆ ಕಣ್ಣೀರು ಬೀಳುವಷ್ಟು ಅತ್ತ. ಅಕ್ಕ ನಿಧಾನವಾಗಿ ಕೈ ಚಾಚಿ ಅವನ ತಲೆ ಮುಟ್ಟಿದರು. ಆಯಿತು, ಮುಟ್ಟಬೇಕಾದಲ್ಲಿ ಮುಟ್ಟಿತು ಎಂದುಕೊಂಡು ನಾನು ಪುಸ್ತಕ ಮುಚ್ಚಿದೆ.

ಅವನು ಮುಖ ಒರೆಸಿಕೊಂಡು ಹೇಳಿದ: "ಭಾಳ ಟಚಿಂಗ್ ಅದರಿ ಆಂಟಿ. ಬಟ್ ಅವರ ಹತ್ರ ಇನ್ಶೂರೆನ್ಸ್ ಇರಲಿಲ್ಲ. ನಮ್ಮ ಹತ್ರ ಕಂಪನಿದು ಅದ. ನಾ ಮಮ್ಮಿನ್ನ ಹಂಗ ಬಿಡೂದಿಲ್ಲ." ಆಮೇಲೆ ತಾಯಿಯ ಕಡೆ ತಿರುಗಿ, "ಪ್ರಾಮಿಸ್, ಮಮ್ಮಿ" ಎಂದ.

ಅಕ್ಕ ಅವನ ತಲೆಯ ಮೇಲಿಂದ ಕೈ ತೆಗೆದರು. "ನೀ ಊಟಾ ಮಾಡಿದೇನವಾ?" ಎಂದು ನನ್ನನ್ನು ಕೇಳಿದರು. ನಾವು ಮೂವರೂ ಒಟ್ಟಿಗೇ ಊಟ ಮಾಡಿದ್ದೆವು.

ಎರಡನೆಯ ಸುತ್ತಿಗೆಂದು ಅಹಮದಾಬಾದಿಗೆ ಹೊರಟ ದಿನ ಬೆಳಿಗ್ಗೆ ಕಾರು ಗೇಟಿನ ಹತ್ತಿರ ನಿಂತಿತ್ತು. ಮಗ ಹಿಂದಿನ ಸೀಟಿನಲ್ಲಿ ದಿಂಬು ಜೋಡಿಸುತ್ತಿದ್ದ. ಒಂದನ್ನು ಇಟ್ಟು, ಒತ್ತಿ ನೋಡಿ, ತೆಗೆದು, ಇನ್ನೊಂದು ಇಡುತ್ತಿದ್ದ. ನಾನು ಅಕ್ಕನ ಸೀರೆಯ ನೆರಿಗೆ ಸರಿ ಮಾಡುತ್ತಿದ್ದೆ. ಕಟ್ಟಲು ಸೊಂಟವೇ ಉಳಿದಿರಲಿಲ್ಲ.

"ಯಾರ ಮ್ಯಾಲೆ ಸಿಟ್ಟು ಬಂದದ ಅಂತ ನೀ ನನ್ನ ಕೇಳೂದಿಲ್ಲೇನು?" ಎಂದರು.

"ಯಾರ ಮೇಲೆ ಅಕ್ಕಾ?"

ಅವರು ದಿಂಬು ಒತ್ತುತ್ತಿದ್ದ ಮಗನನ್ನು ನೋಡಿದರು. "ಅದೇ ತ್ರಾಸಾಗೇದ. ಯಾರ ಮ್ಯಾಲೂ ಬರವಲ್ದು."

ಅಕ್ಕ ನನಗೆ ಹೇಳಿದ ಕೊನೆಯ ಮಾತು ಅದು. ಹದಿನೈದು ದಿನವೋ ಇಪ್ಪತ್ತೋ ಕಳೆದ ಮೇಲೆ ನಾನು ರೈಲು ಹಿಡಿದು ನೋಡಲು ಹೋದೆ. ಐಸಿಯುವಿನಲ್ಲಿದ್ದರು. ಆ ಔಷಧವನ್ನು ಮೈ ತಡೆಯದೆ ರಕ್ತಕ್ಕೆಲ್ಲ ಸೋಂಕು ಹರಡಿತ್ತಂತೆ. ಮಗ ಹೊರಗಿನ ಬೆಂಚಿನಲ್ಲಿ ಗಡ್ಡ ಬಿಟ್ಟು ಕೂತಿದ್ದ. ಒಬ್ಬೊಬ್ಬರನ್ನೇ ಐದು ನಿಮಿಷ ಒಳಗೆ ಬಿಡುತ್ತಿದ್ದರು. ಬಾಯಲ್ಲಿ ಕೊಳವೆ ಇತ್ತು. ಅದನ್ನು ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಕಣ್ಣುಗಳು ತೆರೆದಿದ್ದವು. ನನ್ನನ್ನು ನೋಡಿದರೋ, ನನ್ನ ಹಿಂದಿನ ದೀಪವನ್ನು ನೋಡಿದರೋ... ಕಟ್ಟಿದ ಕೈಯ ಬೆರಳುಗಳು ಮಾತ್ರ ಹಾಸಿಗೆಯ ಮೇಲೆ ಆಡುತ್ತಿದ್ದವು. ನಾನು ಆ ಬೆರಳು ಹಿಡಿದುಕೊಂಡೆ. ನರ್ಸು ಬಂದು ಸಮಯವಾಯಿತು ಎಂದಳು.

ಅದಾದ ಮೂರನೆಯ ದಿನ ಹೋದರು.

ಇಲ್ಲಿನ ಪದ್ಧತಿಯಂತೆ ಮಗ ವಡೋದರಾದಲ್ಲಿ ಬೆಸಣು ಇಟ್ಟ. ಬಿಳಿ ಚಾದರ ಹಾಸಿ, ಹಾರ ಹಾಕಿದ ಫೋಟೋ ಮುಂದೆ ಬಂದವರು ಸ್ವಲ್ಪ ಹೊತ್ತು ಕೂತು, ಕೈಮುಗಿದು ಎದ್ದು ಹೋಗುವ ಸಭೆ. ಊರಿನ ಕನ್ನಡದವರೆಲ್ಲ ಬಂದಿದ್ದರು. ಹಾಡುವವರು ಭಜನೆ ನಿಲ್ಲಿಸಿದಾಗ ಮಗ ಮೈಕು ಹಿಡಿದು ಎದ್ದ. "ಮಮ್ಮಿನೇ ಆಖಿರ್ ತಕ್ ಫೈಟ್ ಕಿಯಾ" ಎಂದ. ಕೊನೆಯವರೆಗೂ ಹೋರಾಡಿದಳು ಎಂದು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನನ್ನ ಪಕ್ಕದಲ್ಲಿದ್ದ ಬ್ಯಾಂಕಿನವರ ಹೆಂಡತಿ ನನ್ನ ಕೈ ಒತ್ತಿ, "ಎಂಥಾ ಧೈರ್ಯದ ಹೆಂಗಸು ನೋಡಿ" ಎಂದರು. ನನಗೆ ಎದ್ದು ಹೋಗಬೇಕೆನ್ನಿಸಿತು. ಮಂಡಿ ನೋವು, ತಕ್ಷಣ ಏಳಲಾಗಲಿಲ್ಲ.

ಈಗಲೂ ಯಾರಾದರೂ ಕಾಯಿಲೆಯವರ ಬಗ್ಗೆ ಹೋರಾಡಿದರು ಎಂದು ಹೇಳಿದರೆ ನನ್ನ ನಾಲಿಗೆ ಕಹಿಯಾಗುತ್ತದೆ. ಅಕ್ಕ ಹೋರಾಡಿದ್ದು ಹೌದು. ಯಾರ ಜೊತೆ ಎಂದು ಯಾರೂ ಕೇಳಲಿಲ್ಲ.

ಮನೆ ಮಾರುವಾಗ ಮಗ ಪುಸ್ತಕಗಳನ್ನು ನನಗೇ ಬಿಟ್ಟ. ಅಟ್ಟದ ಮೇಲಿನವನ್ನೂ ಅವನೇ ಇಳಿಸಿಕೊಟ್ಟ. ಈಗ ಅವು ನಮ್ಮ ಮನೆಯಲ್ಲಿವೆ. ಕೇಳಿಕೊಂಡು ಬರುವವರು ಕಡಿಮೆ. ಫತೇಗಂಜಿನ ಹಾಸ್ಟೆಲಿನ ಕನ್ನಡದ ಹುಡುಗಿಯರು ಯಾವಾಗಲಾದರೂ ಬರುತ್ತಾರೆ. "ಪಾಸಿಟಿವ್ ಆಗಿರೋದು ಏನಾದ್ರೂ ಇದ್ರೆ ಕೊಡಿ ಆಂಟಿ, ಅಪ್ಪಂಗೆ ಹುಷಾರಿಲ್ಲ" ಎಂದಳು ಒಬ್ಬಳು. ಅಕ್ಕನ ಹಾಗೆ ಕೇಳುವ ಎದೆಗಾರಿಕೆ ನನಗಿಲ್ಲ. ತಂದೆಯನ್ನು ಹಂಚಿಕೊಂಡ ಕಾದಂಬರಿ ಕೊಟ್ಟು, ಇದನ್ನು ಮೊದಲು ನೀನು ಓದಮ್ಮ ಎಂದೆ.

ಹೋದ ತಿಂಗಳು ಅಕ್ಕನ ಮಗ ಫೋನು ಮಾಡಿದ. ಅದೂ ಇದೂ ಮಾತಾಡಿ, ಆಮೇಲೆ ಕೇಳಿದ:

"ಆಂಟಿ, ಆ ಬುಕ್‌ನಾಗ ಆ ಮಮ್ಮಿ ಲಾಸ್ಟಿಗೆ ಏನಾದಳು?"

ಇದ್ದದ್ದನ್ನು ಹೇಳಿದೆ. ಮಕ್ಕಳು ಒಪ್ಪಿ ಮನೆಗೆ ಕರೆದುಕೊಂಡು ಹೋದರು. ಬಹಳ ನೋವಿತ್ತು. ಒಂದು ದಿನವಂತೂ ನೋಡಲಾಗದೆ, ಆಸ್ಪತ್ರೆಯಲ್ಲೇ ಬಿಡಬೇಕಿತ್ತು ಎಂದು ಆ ಮಗಳು ಬರೆದಿದ್ದಾಳೆ. ಆದರೂ ಆ ತಾಯಿ ತನ್ನ ಹಾಸಿಗೆಯಲ್ಲಿ, ಮಾತಾಡುತ್ತಲೇ ಹೋದಳು.

"ಅಂದ್ರ ಅಲ್ಲೂ ಪೇನ್ ಇತ್ತು" ಎಂದ. ಅವನ ದನಿ ಸ್ವಲ್ಪ ಹಗುರವಾದ ಹಾಗೆ ಕೇಳಿಸಿತು. "ಹಾಸ್ಪಿಟಲ್‌ನಾಗ ಮಮ್ಮಿಗೆ ಪೇನ್ ಇರಲಿಲ್ಲ ಅಲ್ರಿ ಆಂಟಿ? ಔಷಧ ಕೊಟ್ಟಿದ್ರು."

ಹೌದಪ್ಪ ಎಂದುಬಿಡಬಹುದಿತ್ತು. ನನಗೆ ಏನೂ ನಷ್ಟವಿರಲಿಲ್ಲ.

"ಕೈ ಕಟ್ಟಿದ್ದರಲ್ಲ ಕಣಪ್ಪ" ಎಂದೆ. "ನಾನು ನೋಡಿದೆ."

ಕಾಲ್ ಕಟ್ಟಾಯಿತೇನೋ ಎಂದು ಫೋನು ನೋಡಿದೆ, ಕಟ್ಟಾಗಿರಲಿಲ್ಲ. ಆಮೇಲೆ ಹೇಳಿದ, "ಕಟ್ಲಿಕ್ಕೆ ಸೈನ್ ನಾನೇ ಮಾಡಿದ್ದೆ ಆಂಟಿ."

ಅವನೇ ಮುಂದುವರಿಸಿ, ಆ ಪುಸ್ತಕವನ್ನು ಮೊದಲಿನಿಂದ ಓದಿ ಹೇಳುತ್ತೀರಾ ಎಂದು ಕೇಳಿದ. ಭಾನುವಾರ ಬರುತ್ತೇನೆ ಎಂದ. ಬಾ ಎಂದೆ.

ಆ ಭಾನುವಾರ ಬರಲಿಲ್ಲ. ಶಿಫ್ಟ್ ಬದಲಾಯಿತೆಂದು ಸಂದೇಶ ಬಂತು. ಅದರ ಮುಂದಿನ ಭಾನುವಾರ ಸಂದೇಶವೂ ಬರಲಿಲ್ಲ. ಅವನು ಬಂದರೆ ಓದುತ್ತೇನೆ, ನನಗೇನು. ಅದರಿಂದ ಅಕ್ಕನಿಗೆ ಇನ್ನು ಏನೂ ಆಗಬೇಕಾದ್ದಿಲ್ಲ.